ಒಂದು ಲೋಡು ಹಸಿ ಸೌದೆ

ಟ್ರಕ್ಕಿನ ಎಂಜಿನ್ ಆರಿಸಿದ ಮೇಲೂ ಒನೋಫ್ರೆ ಕೆಳಗಿಳಿಯಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಗಾಜಿನಾಚೆ ಮಣ್ಣಿಟ್ಟಿಗೆಯ ಮನೆಗೆ ಒತ್ತಿಕೊಂಡಂತೆ ನಿಂತಿದ್ದ ಪಿನ್ಯೋನ್ ಪೈನ್ ಮರವನ್ನು ನೋಡುತ್ತ ಕೂತ. ಹೊಸದಾಗಿ ನೋಡುವುದೇನೂ ಇರಲಿಲ್ಲ. ಅದರ ಬಣ್ಣ ಅವನಿಗೆ ಹೊಳೆಯ ತಿರುವಿನಲ್ಲೇ ಕಂಡಿತ್ತು. ಗುಡ್ಡದ ಮೈಮೇಲೆಲ್ಲ ಚದುರಿ ನಿಂತಿದ್ದ ಅದರ ಬಂಧುಬಳಗ ಹಸಿರಾಗಿತ್ತು, ಇದೊಂದು ಮಾತ್ರ ಮಳೆಗೆ ಬಿಟ್ಟ ತಗಡಿನ ಹಾಗೆ ತುಕ್ಕು ಬಣ್ಣಕ್ಕೆ ತಿರುಗಿತ್ತು. ಮೊದಲು ತುದಿಯ ಸೂಜಿಯೆಲೆಗಳು ಒಣಹುಲ್ಲಿನ ಬಣ್ಣಕ್ಕೆ ಬರುತ್ತವೆ, ಆಮೇಲೆ ಹಳದಿ, ಆಮೇಲೆ ಈ ಕೆಂಪು. ಕೆಂಪು ಕಂಡಾಗ ಮರ ಸತ್ತು ತಿಂಗಳಾಗಿರುತ್ತದೆ ಎಂದು ಅವನು ಎಷ್ಟು ಮನೆಗಳ ಅಂಗಳದಲ್ಲಿ ನಿಂತು, ಎಷ್ಟು ಗಂಭೀರವಾದ ದನಿಯಲ್ಲಿ ಹೇಳಿದ್ದ. ಮನೆಯಂಗಳದ ಮರಗಳ ಕೊಂಬೆ ಸವರುವುದು, ಬೇರಿಗೆ ನೀರು ತಲುಪುವ ಹಾಗೆ ಮಾಡುವುದು, ಸತ್ತದ್ದನ್ನು ಮಾಡಿಗೆ ಪೆಟ್ಟಾಗದಂತೆ ತುಂಡು ತುಂಡಾಗಿ ಇಳಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕಸುಬು. ಟ್ರಕ್ಕಿನ ಬಾಗಿಲ ಮೇಲೆ ಅವನ ಹೆಸರಿತ್ತು, ಹೆಸರಿನ ಕೆಳಗೆ ಒಂದು ಹಸಿರು ಮರದ ಚಿತ್ರವಿತ್ತು. ಬಾಗಿಲು ತೆರೆದು ಇಳಿದರೆ ಆ ಚಿತ್ರ ಈ ಮರದ ಕಡೆಗೆ ತಿರುಗುತ್ತದೆ ಎನ್ನುವುದು ಯಾಕೋ ಅವನ ಮನಸ್ಸಿಗೆ ಹೊಕ್ಕು, ಅವನು ಇನ್ನಷ್ಟು ಹೊತ್ತು ಕೂತ.

ದೊಡ್ಡಪ್ಪನ ಮಗ ಲಿಬ್ರಾದೊ ಆಗಲೇ ಇಳಿದು ಹಗ್ಗದ ಸುರುಳಿಗಳನ್ನು ನೆಲಕ್ಕೆ ಹಾಕುತ್ತಿದ್ದ. ಒನೋಫ್ರೆಗಿಂತ ಹತ್ತು ವರ್ಷ ದೊಡ್ಡವನು. ಮೇಲೆ ಹತ್ತುವವನು ಒನೋಫ್ರೆ, ಕೆಳಗೆ ಹಗ್ಗ ಹಿಡಿಯುವವನು ಅವನು. "ಡಾಕ್ಟ್ರು ಇಳೀಬೇಕು ಅಂದ್ರೆ ರೋಗೀನೇ ಟ್ರಕ್ಕಿನ ಹತ್ರ ಬರ್ಬೇಕೇನೋ," ಎಂದ, ಮುಖ ತಿರುಗಿಸದೆ. ಊರಲ್ಲಿ ಒನೋಫ್ರೆಯನ್ನು ಮರದ ಡಾಕ್ಟರೆಂದು ಕರೆಯುವುದು ಅರ್ಧ ಗೌರವ, ಅರ್ಧ ತಮಾಷೆ. ಒನೋಫ್ರೆ ಬಾಗಿಲು ತೆರೆದು ಇಳಿದ.

ಅಡುಗೆಮನೆಯ ಬಾಗಿಲಿಂದ ಸಿಪ್ರಿಯಾನಾ ಪಾತ್ರೆ ತೊಳೆದ ನೀರಿನ ಬಕೆಟ್ಟು ಹಿಡಿದು ಹೊರಬಂದಳು. ಎಂಬತ್ತೊಂದರ ಮುದುಕಿ, ಬಲ ಮಂಡಿಗೆ ಕಂದು ಬಟ್ಟೆ ಸುತ್ತಿದ್ದಳು. ಕಣ್ಣಿಗೆ ಪೊರೆ ಬಂದಿದ್ದರಿಂದ ಟ್ರಕ್ಕಿನ ಸದ್ದು ಕೇಳಿದ ಕಡೆಗೆ ಮುಖ ಮಾಡಿ ನಕ್ಕಳು. ಜ್ಞಾನಸ್ನಾನದ ದಿನ ಅವನನ್ನು ತೋಳಲ್ಲಿ ಎತ್ತಿಕೊಂಡು, ಅವನ ಪರವಾಗಿ ದೇವರಿಗೆ ಮಾತು ಕೊಟ್ಟವಳು, ಅವನಿಗೆ ಮದ್ರಿನಾ, ಜ್ಞಾನತಾಯಿ. ತಾಯಿ ತೀರಿದ ಮೇಲೆ ಮರ ಹತ್ತುವ ಮೊದಲು ಅವನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆಯುವವರು ಬೇರೆ ಯಾರೂ ಉಳಿದಿರಲಿಲ್ಲ. ಊರಿನ ಯಾವ ಮನೆಯಲ್ಲಿ ಕೆಲಸವಿದ್ದರೂ ಮೊದಲು ಇಲ್ಲಿ ನಿಂತು, ಹೆಲ್ಮೆಟ್ ತೆಗೆದು, ತಲೆ ಬಗ್ಗಿಸಿ ಹೋಗುವುದು ವಾಡಿಕೆಯಾಗಿತ್ತು. ಏಪ್ರಿಲಿನಿಂದ ಈಚೆಗೆ ಅವನು ಬಂದಿರಲಿಲ್ಲ. ಜುಲೈಯಲ್ಲಿ ಅವಳು ಮೂರು ಸಲ ಫೋನು ಮಾಡಿಸಿದ್ದಳು, ಮರ ಹಳದಿಯಾಗುತ್ತಿದೆ ಎಂದು. ಕೆಲಸ ಜಾಸ್ತಿ, ಬರುತ್ತೇನೆ ಎಂದಿದ್ದ. ಕೆಲಸ ನಿಜಕ್ಕೂ ಜಾಸ್ತಿಯಿತ್ತು. ಸುಳ್ಳು ಹೇಳಬೇಕಾಗಿ ಬಂದಿರಲಿಲ್ಲ.

"ಬಂದ್ಯಾ ಮಗಾ," ಎಂದಳು. "ನೋಡು, ನಾನೇ ಕೊಂದುಬಿಟ್ಟೆ ಇದನ್ನ."

ಅವಳು ಹೇಳುತ್ತ ಹೋದಳು, ಅವನು ಮರದ ಬುಡದಲ್ಲಿ ಕುಕ್ಕರಿಸಿ, ಏನನ್ನೋ ಪರೀಕ್ಷೆ ಮಾಡುವವನಂತೆ ತೊಗಟೆಯ ಮೇಲೆ ಕೈಯಾಡಿಸುತ್ತ ಕೇಳಿದ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಪಾತ್ರೆ ತೊಳೆದ ನೀರು, ಬಟ್ಟೆ ಅಲುಬಿದ ನೀರು, ಒಂದು ಬಕೆಟ್ಟೂ ತಪ್ಪದೆ ಈ ಬುಡಕ್ಕೇ ಸುರಿದವಳು ತಾನು. ಹಿಮ ಬೀಳದ ಚಳಿಗಾಲಗಳಲ್ಲೂ. ಕಳೆದ ಚಳಿಗಾಲ ಮಂಡಿ ಮಡಚಲಾಗದೆ, ಬಾಗಿಲಾಚೆ ಜಾರುತ್ತದೆಂಬ ಭಯಕ್ಕೆ, ನೀರನ್ನು ಬಚ್ಚಲಿಗೇ ಚೆಲ್ಲಿದಳು. ನಾಲ್ಕು ತಿಂಗಳು. ಅದು ಬಾಯಾರಿ ಸತ್ತಿತು. ಪಾದ್ರಿಗಳ ಹತ್ತಿರ ಪಾಪನಿವೇದನೆಯಲ್ಲಿ ಹೇಳಿಕೊಂಡರೆ ಅವರು ಮೆಲ್ಲಗೆ ನಕ್ಕು, ಒಂದು ಜಪ ಹೇಳಿ ಸುಮ್ಮನಿರಿ ಅಜ್ಜಿ ಎಂದರಂತೆ. ಅವರು ಬೇರೆ ಊರಿನವರು, ಮರದ ವಿಷಯ ಅವರಿಗೇನು ಗೊತ್ತು. ಅದಕ್ಕೇ ಅವಳು ತಾನೇ ಒಂದು ಪ್ರಾಯಶ್ಚಿತ್ತ ಹಾಕಿಕೊಂಡಳು. ಪ್ರತಿ ಶುಕ್ರವಾರ ಗುಡ್ಡದ ಮೇಲಿನ ಚಿಕ್ಕ ಇಗರ್ಜಿಗೆ ನಡೆದು ಹೋಗುವುದು. ಹೋಗಲು ಎರಡು ತಾಸು, ಬರಲು ಅದಕ್ಕಿಂತ ಹೆಚ್ಚು.

"ಈ ಮಂಡೀಲಾ?" ಎಂದು ಲಿಬ್ರಾದೊ ಕೇಳಿದ.

"ನೀರು ಹಾಕದೆ ಹೋಗಿದ್ದೂ ಇದೇ ಮಂಡಿ ತಾನೆ," ಎಂದಳು ಸಿಪ್ರಿಯಾನಾ.

ಒನೋಫ್ರೆಯ ಬೆರಳ ತುದಿಗೆ ಒಂದು ಅಂಟಿನ ಹನಿ ಸಿಕ್ಕಿತು. ಗಟ್ಟಿಯಾಗಿ, ಬೆಳ್ಳಗಾಗಿ, ಮಧ್ಯದಲ್ಲಿ ಸೂಜಿ ಚುಚ್ಚಿದಷ್ಟು ತೂತು. ಕಾಂಡದ ಈ ಮಗ್ಗುಲಲ್ಲಿ ಇಂಥವು ಸಾಸಿವೆ ಚೆಲ್ಲಿದ ಹಾಗೆ ಇದ್ದವು. ಆಚೆಯ ಮಗ್ಗುಲಲ್ಲಿ ಅವನ್ನು ಹುಡುಕಬೇಕಿತ್ತು. ಈ ಮಗ್ಗುಲಿನಲ್ಲಿ, ಕಾಂಡಕ್ಕೆ ಆನಿಸಿದಂತೆ, ಕಳೆದ ಅಕ್ಟೋಬರಿನಲ್ಲಿ ಅವನೇ ಒಟ್ಟಿದ್ದ ಸೌದೆಯಲ್ಲಿ ಉಳಿದ ಇಪ್ಪತ್ತು ಮೂವತ್ತು ಕೊರಡುಗಳು ಇದ್ದವು. ನೀರು ಸಾಲದ ಮರಕ್ಕೆ ತೊಗಟೆ ಕೊರೆಯುವ ಹುಳವನ್ನು ಅಂಟಿನಲ್ಲಿ ಮುಳುಗಿಸಿ ಹೊರತಳ್ಳುವ ಕಸುವು ಇರುವುದಿಲ್ಲ. ಅದೂ ನಿಜವೇ. ಮುದುಕಿ ಹೇಳುವುದು ಪೂರ್ತಿ ತಪ್ಪೇನಲ್ಲ ಎಂಬ ಯೋಚನೆ ಬಂದಾಗ ಅವನೊಳಗೆ ಏನೋ ಹಗುರಾಯಿತು, ಹಗುರಾದದ್ದು ಗೊತ್ತಾಗಿ ಅಸಹ್ಯವಾಯಿತು. ಹುಳ ಬಾರದಿದ್ದರೆ ಒಂದು ಚಳಿಗಾಲದ ಬಾಯಾರಿಕೆಯನ್ನು ಈ ಜಾತಿಯ ಮರ ನಕ್ಕು ತಾಳುತ್ತದೆ. ಅದು ಅವನಿಗಲ್ಲದೆ ಈ ಅಂಗಳದಲ್ಲಿ ಇನ್ನು ಯಾರಿಗೂ ಗೊತ್ತಿರಲಿಲ್ಲ.

ಸೌದೆ ತಂದ ಆ ಅಕ್ಟೋಬರಿನ ದಿನ, ಪಟ್ಟಣದ ಮೇಲಿನ ಬಡಾವಣೆಯಲ್ಲಿ, ನಿವೃತ್ತ ವೈದ್ಯೆ ವಿಟ್ಲಾಕ್ ಎಂಬಾಕೆಯ ಮನೆ. ಮೂರು ಪಿನ್ಯೋನ್‌ಗಳಿಗೆ ಹುಳ ಹತ್ತಿತ್ತು, ಅವನು ಕಡಿದಿದ್ದ. ಕಡಿಯುವ ಮೊದಲು ಆಕೆಯ ಅಂಗಳದಲ್ಲಿ ನಿಂತು, ಹಸಿ ಕೊರಡನ್ನು ಜೀವವಿರುವ ಮರದ ಹತ್ತಿರ ಒಂದು ರಾತ್ರಿಯೂ ಇಡಬಾರದು, ತೊಗಟೆಯ ಕೆಳಗೆ ಹುಳ ಚಳಿಗಾಲ ಕಳೆದು ಬಿಸಿಲು ಏರಿದಾಗ ಹೊರಬಂದು ಹತ್ತಿರದ ಮರಕ್ಕೆ ಹಾರುತ್ತದೆ, ದೂರ ಸಾಗಿಸಿ ಪುಡಿ ಮಾಡಬೇಕು ಎಂದು ಹೇಳಿದ್ದ. ಹೇಳುವಾಗ ತನ್ನ ದನಿ ತನಗೇ ಚೆನ್ನಾಗಿ ಕೇಳಿಸಿತ್ತು. ಆಕೆ ತಲೆಯಾಡಿಸಿ, ನಾಲ್ಕಕ್ಕೆ ಅತಿಥಿಗಳು ಬರುತ್ತಾರೆ ಎಂದಿದ್ದಳು. ಮೂರೂಕಾಲಿಗೆ ಲೋಡು ತುಂಬಿ ಹೊರಡಬೇಕೆನ್ನುವಾಗ ಕಿಟಕಿಯ ಗಾಜಿನ ಆಚೆಯಿಂದ ಬೆರಳು ಬಡಿದು, ಅಂಗಳದ ಬಿಳಿ ಜಲ್ಲಿಯ ಕಡೆಗೆ ತೋರಿಸಿದಳು. ತೊಗಟೆಯ ಚೂರುಗಳು. ಪೊರಕೆಗೆ ಜಲ್ಲಿಯೂ ಬರುತ್ತಿದ್ದರಿಂದ ಅವನೂ ಲಿಬ್ರಾದೊನೂ ಮೊಣಕಾಲೂರಿ ಕೈಯಿಂದ ಆಯ್ದರು. ಗಾಜಿನ ಹಿಂದೆ ಆಕೆ ಹೂದಾನಿಗೆ ಹೂ ಜೋಡಿಸುತ್ತಿದ್ದಳು, ಆಗಾಗ ಇವರ ಕಡೆ ನೋಡಿ, ಅಲ್ಲೊಂದು, ಇಲ್ಲೊಂದು ಎಂದು ಬೆರಳು ತೋರಿಸುತ್ತಿದ್ದಳು. ಪಟ್ಟಣದ ಕಸ ಸುರಿಯುವ ಹಳ್ಳಕ್ಕೆ ಬಂದಾಗ ಗೇಟಿಗೆ ಬೀಗ ಬಿದ್ದಿತ್ತು. ಆಚೆ ನಿಂತಿದ್ದ ಕಾವಲುಗಾರ ಪರಿಚಯದವನೇ. ಕೈಗಡಿಯಾರ ತೋರಿಸಿ ಭುಜ ಕುಣಿಸಿದ. ಬೆಳಿಗ್ಗೆ ಆರಕ್ಕೆ ಇನ್ನೊಂದು ಕಡೆ ಕೆಲಸ, ಟ್ರಕ್ಕು ಖಾಲಿಯಿರಬೇಕು. ಮೊಣಕಾಲಿನ ಚರ್ಮಕ್ಕೆ ಜಲ್ಲಿ ಒತ್ತಿದ ಗುಳಿಗಳು ಇನ್ನೂ ಉರಿಯುತ್ತಿದ್ದವು. ರಸ್ತೆ ಕವಲೊಡೆಯುವಲ್ಲಿ, ಮದ್ರಿನಾಳ ಮನೆಯಲ್ಲಿ ಸೌದೆ ಇಲ್ಲ ಎಂಬುದು ನೆನಪಾಯಿತು.

ಒಳ್ಳೆಯ ಯೋಚನೆಯೇ. ಒಂದು ವರ್ಷದಿಂದ ಅವನು ಆ ಯೋಚನೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ, ಬಲಿಪೂಜೆಯ ನಡುವೆ, ಕೊಂಬೆಯ ಮೇಲೆ ಕಾಲು ಇಡುವ ಮುಂಚಿನ ಆ ಒಂದು ಕ್ಷಣದಲ್ಲಿ, ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದಾಗ. ಮದ್ರಿನಾಳ ಖಾಲಿ ಒಲೆ ನೆನಪಾದದ್ದು ಗೇಟಿನ ಬೀಗ ನೋಡುವ ಮೊದಲೋ ಆಮೇಲೋ. ಮೊದಲು ಎಂದು ಸ್ವಲ್ಪ ಹೊತ್ತು ನಂಬಬಹುದಿತ್ತು. ಮೊದಲೇ ನೆನಪಾಗಿದ್ದರೆ ಆ ಕವಲಿನಲ್ಲಿ ಬಲಕ್ಕೆ ತಿರುಗದೆ ಹಳ್ಳದವರೆಗೆ ಯಾಕೆ ಹೋದೆ ಎಂದು ಮನಸ್ಸಿನ ಇನ್ನೊಂದು ಮೂಲೆ ಕೇಳುತ್ತಿತ್ತು. ಅವಳು ದೂರ ನಡೆಯದಿರಲಿ ಎಂದು ಅಡುಗೆಮನೆ ಬಾಗಿಲಿಗೆ ಹತ್ತಿರವಾಗಿ, ಮರಕ್ಕೆ ಆನಿಸಿ ಒಟ್ಟುವಾಗ ಲಿಬ್ರಾದೊ ಒಂದು ಕೊರಡನ್ನು ಕೈಯಲ್ಲೇ ಹಿಡಿದು ನಿಂತು, ಇಲ್ಲೇನಾ ಎಂದಿದ್ದ. ಚಳಿ ಬಂತು, ಹುಳ ಸಾಯ್ತವೆ ಎಂದು ಒನೋಫ್ರೆ ಹೇಳಿದ್ದ. ಸಾಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಲಿಬ್ರಾದೊಗೂ ಗೊತ್ತಿತ್ತು. ಕಟಾವು ಮಾಡಿದ ಹೊಲದ ಬದುವಿನಷ್ಟು ನೇರವಾಗಿ ಒಟ್ಟಿದ್ದರು. ಸಿಪ್ರಿಯಾನಾ ಕೈಯಿಂದ ಸವರಿ ಸವರಿ ನೋಡಿ ಅತ್ತುಬಿಟ್ಟಳು. ಇಬ್ಬರನ್ನೂ ಕೂರಿಸಿ, ಕೆಂಪು ಮೆಣಸು ಹಾಕಿದ ಮುಸುಕಿನ ಜೋಳದ ಸಾರು, ಪೊಸೊಲೆಯ ಬಟ್ಟಲನ್ನು ಎರಡೆರಡು ಸಲ ತುಂಬಿಸಿದಳು. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳಿದಳು, ಮಕ್ಕಳು ಹೆತ್ತವರಿಗೂ ಸೌದೆ ತರದ ಈ ಕಾಲದಲ್ಲಿ ನನ್ನ ಒನೋಫ್ರೆ ಕೇಳದೆಯೇ ತಂದ ಎಂದು. ಹೆಂಗಸರು ಅವನ ಭುಜ ಮುಟ್ಟಿ ಹೋದರು. ಅವನು ಹ್ಯಾಟನ್ನು ಕೈಯಲ್ಲಿ ತಿರುಗಿಸುತ್ತ, ನೆಲ ನೋಡುತ್ತ, ಸಂಕೋಚದವನ ಹಾಗೆ ನಿಂತಿದ್ದ.

ಅಷ್ಟೇ ಆಗಿದ್ದರೆ ಮರೆಯಬಹುದಿತ್ತು. ಏಪ್ರಿಲಿನ ಮೊದಲ ಬಿಸಿಯಲ್ಲಿ ಈ ದಾರಿಯಲ್ಲಿ ಹೋಗುವಾಗ, ಕಾಂಡದ ಬುಡದಲ್ಲಿ ಕೆಂಪು ಹಿಟ್ಟಿನಂಥ ಧೂಳು ಕಂಡಿತ್ತು. ಆಗ ಅಂಟಿನ ಹನಿಗಳು ನಾಲ್ಕೋ ಐದೋ ಇದ್ದಿರಬೇಕು. ಆಗ ಇಳಿದು, ಸೌದೆ ಎತ್ತಿ ಟ್ರಕ್ಕಿಗೆ ಹಾಕಿಕೊಂಡು, ಬುಡಕ್ಕೆ ಹಲವು ದಿನ ನೀರು ಹರಿಸಿದ್ದರೆ ಮರ ಉಳಿಯುತ್ತಿತ್ತೇನೋ. ಎತ್ತುವಾಗ ಅವಳು ಯಾಕೆ ಎಂದು ಕೇಳುತ್ತಿದ್ದಳು. ಅವನು ಬ್ರೇಕಿನ ಮೇಲೆ ಕಾಲಿಟ್ಟ, ಮತ್ತೆ ತೆಗೆದ. ಪಾಪವೆನ್ನುವುದು ಇಷ್ಟು ಸಣ್ಣ ಜಾಗದಲ್ಲಿ, ಪಾದಕ್ಕೂ ಲೋಹದ ಪಟ್ಟಿಗೂ ನಡುವೆ ಆಗಿಬಿಡುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕಿಟಕಿಯಲ್ಲಿ ಅವಳ ಕೈ ಕಂಡಿತ್ತು. ಟ್ರಕ್ಕಿನ ಸದ್ದು ಗುರುತಿಸಿ, ಹೋಗುವ ಟ್ರಕ್ಕಿಗೇ ಗಾಳಿಯಲ್ಲಿ ಶಿಲುಬೆ ಬರೆಯುತ್ತಿದ್ದಳು.

"ಇದರಡೀಲೇ ನನ್ನ ಮದುವೆ ಊಟ," ಎನ್ನುತ್ತಿದ್ದಳು ಸಿಪ್ರಿಯಾನಾ ಈಗ ಲಿಬ್ರಾದೊಗೆ. ಮಾವ ಮನೆ ಕಟ್ಟುವಾಗ ಇದನ್ನು ಕಡಿಯಲಾರದೆ ಗೋಡೆಯನ್ನೇ ಒಂದು ಮೊಳ ಒಳಕ್ಕೆ ತೆಗೆದುಕೊಂಡನಂತೆ. ಆ ಗೋಡೆ ಇವತ್ತಿಗೂ ಅಲ್ಲಿ ಸೊಟ್ಟಗಿತ್ತು. ಬೀಜ ಬಿಟ್ಟ ವರ್ಷ ಅವಳು ಕಂಬಳಿ ಹಾಸಿ, ಆಯ್ದು, ಹುರಿದು, ಕ್ರಿಸ್ಮಸ್ಸಿಗೆ ತನ್ನ ಏಳು ಜ್ಞಾನಮಕ್ಕಳಿಗೂ ಒಂದೊಂದು ಬಟ್ಟೆಚೀಲ ಕೊಡುತ್ತಿದ್ದಳು. ಒನೋಫ್ರೆ ಅದನ್ನು ಪೂಜೆಯ ನಡುವೆ ಬಾಯಲ್ಲೇ ಒಡೆದು, ಸಿಪ್ಪೆಯನ್ನು ನಾಲಿಗೆಯಿಂದ ಕೆನ್ನೆಗೆ ಸರಿಸಿಟ್ಟುಕೊಳ್ಳುವುದನ್ನು ಕಲಿತಿದ್ದ. ಆ ಎಣ್ಣೆಯ ರುಚಿ, ಮೇಣದ ಬತ್ತಿಯ ವಾಸನೆ, ತಲೆಗೆ ಬೀಳುತ್ತಿದ್ದ ಅವಳ ಮೊಟಕು, ಅವನಿಗೆ ದೇವರೆಂದರೆ ಬಹಳ ಕಾಲ ಅಷ್ಟೇ ಆಗಿತ್ತು.

ಲಿಬ್ರಾದೊ ಏಣಿ ನಿಲ್ಲಿಸಿದ. ಒನೋಫ್ರೆ ಸೊಂಟದ ಪಟ್ಟಿ ಬಿಗಿದುಕೊಂಡ. "ತಲೆ ಬಗ್ಗಿಸು," ಎಂದಳು ಅವಳು, ಬಕೆಟ್ಟು ಕೆಳಗಿಟ್ಟು, ಒದ್ದೆ ಕೈಯನ್ನು ಏಪ್ರನ್ನಿಗೆ ಒರಸಿಕೊಳ್ಳುತ್ತ. ಅವನು ಹೆಲ್ಮೆಟ್ ತೆಗೆದು ಬಗ್ಗಿದ. ಬಗ್ಗಿದಾಗ ಕಣ್ಣೆದುರು ಬಂದದ್ದು ಅವಳ ಮಂಡಿಗೆ ಸುತ್ತಿದ ಬಟ್ಟೆ. ಅದರ ಮಡಿಕೆಗಳಲ್ಲಿ ಗುಡ್ಡದ ದಾರಿಯ ಕೆಮ್ಮಣ್ಣು ಕೂತಿತ್ತು. ನಿನ್ನೆ ಶುಕ್ರವಾರ. ಅವಳ ಹೆಬ್ಬೆರಳು ಹಣೆ ಮುಟ್ಟುವ ಮೊದಲು ಅವನು ಅವಳ ಮಣಿಕಟ್ಟು ಹಿಡಿದುಕೊಂಡ.

"ಬೇಡ ಮದ್ರಿನಾ. ಮರ ನೀರಿಲ್ದೆ ಸತ್ತಿದ್ದಲ್ಲ. ನಾನು ತಂದ ಸೌದೇಲಿ ಹುಳ ಇತ್ತು. ಅದೇ ತಿಂದಿದ್ದು."

ಅವಳು ನಕ್ಕಳು. ಪ್ರೀತಿಯಿಂದಲೇ ನಕ್ಕಳು. "ಚಿಕ್ಕೋನಿದ್ದಾಗ್ಲೂ ನೀನು ಹಿಂಗೇ. ಬೆಕ್ಕು ಒಡೆದ ಗಡಿಗೇನ ನಾನೇ ಒಡೆದೆ ಅಂತ ನಿಂತ್ಕೋತಿದ್ದೆ, ಬೆಕ್ಕಿಗೆ ಏಟು ಬೀಳ್ಬಾರ್ದು ಅಂತ. ನನ್ನ ಸಮಾಧಾನಕ್ಕೆ ಸುಳ್ಳು ಹೇಳಿ ಯಾಕೆ ಪಾಪ ಕಟ್ಕೋತೀಯ?"

ಇದನ್ನು ಅವನು ಎಣಿಸಿರಲಿಲ್ಲ. ತಪ್ಪೊಪ್ಪಿಕೊಂಡ ಮೇಲೆ ಬೈಗುಳ ಬರುತ್ತದೆ, ಅಳು ಬರುತ್ತದೆ ಎಂದುಕೊಂಡಿದ್ದ; ಹೇಳಿದ್ದನ್ನು ನಂಬದೆ ಹೋದರೆ ಮಾಡುವುದೇನು. ಇಲ್ಲಿಗೇ ನಿಲ್ಲಿಸಬಹುದಿತ್ತು. ಹೇಳಿಯೂ ಆಯಿತು, ಪ್ರೀತಿಯೂ ಉಳಿಯಿತು. ಏಣಿಯ ಹತ್ತಿರ ಲಿಬ್ರಾದೊ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದ. ಒನೋಫ್ರೆ ಸೊಂಟದ ಕತ್ತಿ ತೆಗೆದು, ರಾಶಿಯಿಂದ ಒಂದು ಕೊರಡು ಎತ್ತಿಕೊಂಡು, ಅಂಗೈ ಅಗಲದ ತೊಗಟೆ ಸುಲಿದ. ಅವಳ ಎಡಗೈಗೆ ಅದರ ಒಳಮೈ ಮೇಲಾಗಿ ಕೊಟ್ಟ. ಆಮೇಲೆ ಕಾಂಡದ ಹತ್ತಿರ ಹೋಗಿ, ಎದೆಮಟ್ಟದಲ್ಲಿ, ಅಷ್ಟೇ ಅಗಲದ ತೊಗಟೆ ಸುಲಿದ. ಅದು ಕಾದು ಕೂತಿದ್ದ ಹಾಗೆ ಸಲೀಸಾಗಿ ಬಂತು. ಬಲಗೈಗೆ ಕೊಟ್ಟ.

ಅವಳ ಬೆರಳುಗಳು ನೋಡತೊಡಗಿದವು. ಎಡಗೈಯ ತೊಗಟೆಯಲ್ಲಿ ಹೆಬ್ಬೆರಳಿಗೆ ಒಂದು ಗುಳಿ ಸಿಕ್ಕಿತು, ಗುಳಿಯಿಂದ ಕವಲೊಡೆದ ಕಡ್ಡಿಯ ಹಾಗೆ ಹೊರಟ ಗೀರುಗಳು, ಆ ಗೀರುಗಳ ಎರಡೂ ಮಗ್ಗುಲಿಗೆ ಕೂದಲೆಳೆಯಂಥ ಸಣ್ಣ ದಾರಿಗಳು. ಬಲಗೈಯಲ್ಲಿ ಅದೇ ಗುಳಿ, ಅದೇ ಕವಲು. ಜಪಸರದ ಮಣಿ ಸರಿಸುವಷ್ಟು ನಿಧಾನವಾಗಿ ಅವಳು ಎರಡನ್ನೂ ಮತ್ತೊಮ್ಮೆ ಮುಟ್ಟಿದಳು. ಸೌದೆ ಒರಗಿದ ಕಡೆ ಹೆಚ್ಚು ತೂತುಗಳಿವೆ, ಗುಡ್ಡದ ಮೇಲಿನ ಮರಗಳೆಲ್ಲ ಇನ್ನೂ ಹಸಿರಾಗಿವೆ, ಅವಕ್ಕೂ ಯಾರೂ ನೀರು ಹಾಕಿಲ್ಲ ಎಂದು ಅವನು ಹೇಳಿದ. ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

"ತರೋವಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ತಂದೆ?"

ಚಳಿಗಾಲ ಅಲ್ವಾ, ನಿಮ್ಮನೇಲಿ ಸೌದೆ ಇರ್ಲಿಲ್ಲ, ಅವನಿಗೆ ಅದೊಂದೇ ತಲೇಲಿ ಇದ್ದಿದ್ದು ಎಂದು ಲಿಬ್ರಾದೊ ತಗ್ಗಿದ ದನಿಯಲ್ಲಿ ಹೇಳಿದ. ಒಳ್ಳೆಯ ಮನಸ್ಸಿನಿಂದ ಚಾಚಿದ ಆ ಹಗ್ಗವನ್ನು ಒನೋಫ್ರೆ ನೋಡಿದ. ಹಿಡಿದರೆ ತಪ್ಪು ಮಾತ್ರ ಉಳಿಯುತ್ತಿತ್ತು, ಕಾಣಿಕೆ ಕಾಣಿಕೆಯಾಗಿಯೇ ಇರುತ್ತಿತ್ತು. ಒಂದು ವರ್ಷದಿಂದ ತಿರುಗಿಸಿ ನೋಡುತ್ತಿದ್ದುದಕ್ಕೆ ಉತ್ತರ ಎಷ್ಟು ಚಿಕ್ಕದಿತ್ತು ಎಂದು ಅವನಿಗೆ ಆಶ್ಚರ್ಯವಾಯಿತು.

"ಕಸದ ಹಳ್ಳದ ಗೇಟು ಮುಚ್ಚಿತ್ತು, ಮದ್ರಿನಾ. ಟ್ರಕ್ಕು ಖಾಲಿ ಮಾಡ್ಬೇಕಿತ್ತು. ಅದಕ್ಕೇ ಇಲ್ಲಿಗೆ ತಂದೆ."

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಎರಡು ತೊಗಟೆಗಳನ್ನೂ ರಾಶಿಯ ಮೇಲೆ, ಪಕ್ಕಪಕ್ಕ, ಒಡೆದೀತೆಂಬಂತೆ ಮೆಲ್ಲಗೆ ಇಟ್ಟಳು.

"ಭಾನುವಾರ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳ್ದೆ ನಾನು," ಎಂದಳು. "ನೀನು ಅಲ್ಲೇ ಇದ್ದೆ."

"ಇದ್ದೆ."

"ಹನ್ನೊಂದು ಶುಕ್ರವಾರ ನಡೆದೆ."

ಹೆಲ್ಮೆಟ್ ಇನ್ನೂ ಕೈಯಲ್ಲಿತ್ತು. ಅವನು ತಲೆ ಬಗ್ಗಿಸಿದ. ಆಶೀರ್ವಾದಕ್ಕೆಂದೋ, ಮುಖ ತೋರಿಸಲಾರದೆಯೋ, ಅವನಿಗೇ ಸ್ಪಷ್ಟವಿರಲಿಲ್ಲ. ಅವಳ ಚಪ್ಪಲಿಗಳು ಅವನ ಮುಂದೆ ಸರಿದು, ಅವನನ್ನು ದಾಟಿ ಹೋದವು. ತಲೆ ಎತ್ತಿದಾಗ ಅವಳು ಕಾಂಡದ ಹತ್ತಿರ ನಿಂತಿದ್ದಳು. ತೊಗಟೆ ಸುಲಿದ ಜಾಗವನ್ನು ಕೈಯಿಂದ ಹುಡುಕಿ, ಆ ಬೆತ್ತಲೆ ಮರದ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದಳು. ಆಮೇಲೆ ಬಕೆಟ್ಟನ್ನು ಅಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಅವನು ಬರಿಯ ಹಣೆಯಲ್ಲಿ ಹತ್ತಿದ. ಸತ್ತ ಪಿನ್ಯೋನ್ ಸುಳಿವು ಕೊಡದೆ ಮುರಿಯುತ್ತದೆ. ಪ್ರತಿ ಕೊಂಬೆಗೂ ಹಗ್ಗ ಕಟ್ಟಿ, ಗರಗಸ ಹಾಕಿ, ಲಿಬ್ರಾದೊ ನಿಧಾನಕ್ಕೆ ಇಳಿಸಿಕೊಳ್ಳುವವರೆಗೆ ಕಾಯಬೇಕು. ತುದಿಯಲ್ಲಿ ಒಂದಿಷ್ಟು ಕಾಯಿಗಳು ಬಾಯ್ದೆರೆದು ನಿಂತಿದ್ದವು. ಒಂದು ಬೀಜ ತೆಗೆದು ಹಲ್ಲಿನ ನಡುವೆ ಒಡೆದ. ಒಳಗೆ ಏನೂ ಇರಲಿಲ್ಲ. ಸಿಪ್ಪೆಯನ್ನು ಹಳೆಯ ಅಭ್ಯಾಸದಲ್ಲಿ ಕೆನ್ನೆಗೆ ಸರಿಸಿಟ್ಟುಕೊಂಡು, ಉಗಿಯುವುದನ್ನು ಮರೆತು ಬಹಳ ಹೊತ್ತು ಕೆಲಸ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಮರವಿದ್ದಲ್ಲಿ ಬುಡವೊಂದೇ ಉಳಿದಿತ್ತು, ಅದರ ಹಿಂದೆ ಒಂದು ಮೊಳ ಒಳಕ್ಕೆ ಸರಿದ ಸೊಟ್ಟ ಗೋಡೆ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಬಿಸಿಲು ಕಂಡದ್ದು.

ಸಿಪ್ರಿಯಾನಾ ಹೊರಗೆ ಬಂದಳು. ಬೆಳಗಿನ ಬಕೆಟ್ಟು ಕಾಲಿಗೆ ತಾಗಿತು. ಅದನ್ನೆತ್ತಿ, ಲೆಕ್ಕವಿಲ್ಲದಷ್ಟು ಸಲ ನಡೆದ ಆ ಆರು ಹೆಜ್ಜೆ ನಡೆದು, ಅಲ್ಲೇನೂ ಇಲ್ಲವೆಂದು ಗೊತ್ತಿದ್ದೂ, ನೀರನ್ನು ಸುರಿದಳು. ನೀರು ಬುಡದ ಮೇಲೆ ಹರಡಿ, ಸುಮ್ಮನೆ ನಿಂತು, ಆಮೇಲೆ ಅಂಚಿನಿಂದ ಇಳಿಯಿತು. ಮತ್ತೆ ಒಳಗೆ ಹೋಗಿ ಎರಡು ತಟ್ಟೆ ತಂದಳು. ಒಂದನ್ನು ಲಿಬ್ರಾದೊನ ಕೈಗೆ ಕೊಟ್ಟಳು. ಇನ್ನೊಂದನ್ನು ಉಳಿದ ಸೌದೆಯ ರಾಶಿಯ ಮೇಲೆ, ಆ ಎರಡು ತೊಗಟೆಗಳ ಪಕ್ಕದಲ್ಲಿ ಇಟ್ಟಳು.

"ಈ ಸೌದೇನೂ ಇವತ್ತೇ ತಗೊಂಡು ಹೋಗು," ಎಂದಳು, ಅವನಿದ್ದ ಕಡೆಗೆ ಮುಖ ಮಾಡದೆ. "ಆ ಗೇಟು ಎಷ್ಟೊತ್ತಿಗೆ ಮುಚ್ಚುತ್ತೆ?"

"ನಾಲ್ಕಕ್ಕೆ."

ಅವಳು ಆಕಾಶದ ಬೆಳಕನ್ನು ಮುಖದ ಮೇಲೆ ಅಳೆಯುವವಳಂತೆ ಒಂದು ಕ್ಷಣ ನಿಂತಳು.

"ಹಾಗಾದ್ರೆ ಬೇಗ ಉಣ್ಣು," ಎಂದಳು.